ಕರೆಂಟು ನೆಟ್ಟಗಾದ ಮೇಲೆ ನೆಟ್ಟು ಕೆಟ್ಟಿತು

ನಮ್ಮ ಮನೆಯಲ್ಲಿ ಇಂಟರ್‌ನೆಟ್ ನಿಂತರೆ ಎಲ್ಲರಿಗೂ ಗೊತ್ತಿರುವ ಮದ್ದು ಒಂದೇ: ರೂಟರಿನ ಸ್ವಿಚ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕುವುದು. ಮಾವ ನಿಧಾನವಾಗಿ ಇಪ್ಪತ್ತರ ತನಕ ಎಣಿಸುತ್ತಾರೆ. ಮಗ ಎಣಿಸುವುದೇ ಇಲ್ಲ. ಯಾರು ಹೇಗೆ ಮಾಡಿದರೂ ಎರಡು ನಿಮಿಷದಲ್ಲಿ ನೆಟ್ ಬರುತ್ತದೆ, ಮದ್ದಿನ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ನನಗೆ ಮಾತ್ರ ಈ ಮದ್ದನ್ನು ಕಂಡರೆ ಸಿಟ್ಟು ಬರುತ್ತದೆ. ರೂಟರ್ ತನಗೆ ಏನಾಯಿತೆಂದು ಬರೆದಿಟ್ಟುಕೊಳ್ಳುವುದು ರ್ಯಾಮ್ ಎಂಬ ತಾತ್ಕಾಲಿಕ ನೆನಪಿನಲ್ಲಿ. ಸ್ವಿಚ್ ಆರಿದ ಕ್ಷಣ ಆ ಬರಹವೂ ಅಳಿಸಿಹೋಗುತ್ತದೆ. ಆಮೇಲೆ ಯಾಕೆ ಹೀಗಾಯಿತೆಂದು ಬ್ರಹ್ಮನನ್ನು ಕೇಳಿದರೂ ಉತ್ತರವಿಲ್ಲ.

ನಾನು ಕಂಪ್ಯೂಟರ್ ಓದಿದವಳಲ್ಲ. ಶಿರಸಿಯ ಸಮೀಪದ ಹಳ್ಳಿಯೊಂದರಲ್ಲಿ ಕುಳಿತು ಕಿರಾಣಿ ಅಂಗಡಿಯವರ, ಅಡಿಕೆ ವ್ಯಾಪಾರಿಗಳ ಲೆಕ್ಕ ಬರೆದು ಜಿಎಸ್‌ಟಿ ತುಂಬಿಕೊಡುವುದು ನನ್ನ ಕೆಲಸ. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಒಂದು ದಿನ ತಪ್ಪಿದರೆ ಐವತ್ತು ರೂಪಾಯಿ ದಂಡ. ದಂಡ ಕಟ್ಟುವವರು ಅವರು, ಬೈಸಿಕೊಳ್ಳುವವಳು ನಾನು. ಜಮಾ ಖರ್ಚು ತಾಳೆಯಾಗದಿದ್ದರೆ ಪುಸ್ತಕ ಹರಿದೆಸೆದು ಹೊಸ ಪುಸ್ತಕ ಶುರು ಮಾಡುವವರನ್ನು ನಾನಂತೂ ಕಂಡಿಲ್ಲ. ರೂಟರಿನ ವಿಷಯದಲ್ಲಿ ಇಡೀ ಊರು ಮಾಡುವುದು ಅದನ್ನೇ.

ಮನೆಯ ಜೋಡಣೆಯನ್ನು ಸ್ವಲ್ಪ ಹೇಳಬೇಕು. ಫೈಬರ್ ಕೇಬಲ್ ರಸ್ತೆಯಿಂದ ತೋಟದ ಅಂಚಿನ ಮರಗಳನ್ನು ಹಿಡಿದುಕೊಂಡು ಬಂದು ನನ್ನ ಕೆಲಸದ ಕೋಣೆಯಲ್ಲಿರುವ ಕಂಪನಿಯ ಡಬ್ಬಿಗೆ ಸೇರುತ್ತದೆ. ಮರ ಬಿದ್ದು ಕೇಬಲ್ ತುಂಡಾದರೆ ಆ ಡಬ್ಬಿಯ ಮೇಲೆ ಎಲ್‌ಒಎಸ್ ಎಂಬ ದೀಪ ಕೆಂಪಾಗುತ್ತದೆ. ಕೇಬಲ್‌ನವರಿಗೆ ಫೋನ್ ಮಾಡಿದರೆ ಹೆಸರು ಕೇಳುವ ಮೊದಲೇ ಅವರು ಕೇಳುವುದು ‘ಕೆಂಪು ದೀಪ ಇದೆಯಾ’ ಎಂದು. ಚಿರೆಕಲ್ಲಿನ ಗೋಡೆಗಳನ್ನು ದಾಟಿ ಆ ಡಬ್ಬಿಯ ವೈಫೈ ಜಗಲಿಗೆ ಮುಟ್ಟುವುದಿಲ್ಲ. ಹಾಗಾಗಿ ನಡುಮನೆಯಲ್ಲಿ ನಮ್ಮದೇ ಇನ್ನೊಂದು ರೂಟರ್ ಇದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮೈದುನ ಬೇಸಿಗೆ ರಜೆಗೆ ಬಂದಾಗ ತಂದಿಟ್ಟದ್ದು. ಕಂಪನಿಯ ತಂತ್ರಾಂಶ ತೆಗೆದು ಅದರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಟ್ಟಿದ್ದಾನೆ.

ಈ ಹೆಸರಿನ ಹಿಂದೆ ಒಂದು ಸಣ್ಣ ಕಥೆಯಿದೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೂಟರಿನೊಳಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಇದೆಯೆಂದು ಜನ ಪತ್ತೆ ಹಚ್ಚಿದರು. ಲಿನಕ್ಸಿನ ಪರವಾನಗಿಯ ಪ್ರಕಾರ ಮೂಲ ಸಂಕೇತವನ್ನು ಬಹಿರಂಗಪಡಿಸಲೇಬೇಕು ಎಂದು ಪಟ್ಟು ಹಿಡಿದರು. 2003ರಲ್ಲಿ ಕಂಪನಿ ಅದನ್ನು ಹೊರಬಿಟ್ಟಿತು, ಮರುವರ್ಷ ಅದರ ಮೇಲೆ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಇಂದು ನೂರಾರು ಬಗೆಯ ರೂಟರುಗಳಲ್ಲಿ ಅದು ಓಡುತ್ತದೆ. ನನಗೆ ಅದರಿಂದ ಆದ ಉಪಕಾರವೆಂದರೆ ಒಳಗೆ ಇಣುಕಿ ನೋಡುವುದಕ್ಕೆ ಅದು ಬಿಡುತ್ತದೆ. ಪೆಟ್ಟಿಗೆಯ ಜೊತೆ ಬರುವ ತಂತ್ರಾಂಶಗಳು ಹೆಚ್ಚಾಗಿ ಬಣ್ಣದ ಚಿತ್ರ ತೋರಿಸಿ ಸಾಗಹಾಕುತ್ತವೆ.

ತೊಂದರೆ ಶುರುವಾದದ್ದು ಮಳೆ ಪೂರ್ತಿ ಹಿಂದೆ ಸರಿದು ಅಡಿಕೆ ಕೊಯ್ಲಿಗೆ ಕೊನೆಗೌಡರನ್ನು ಹುಡುಕುವ ಹೊತ್ತಿಗೆ. ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ, ಬೆಳಗಾಗುವಾಗ ನೆಟ್ ಇರುತ್ತಿರಲಿಲ್ಲ. ಆದರೆ ಆ ‘ಇಲ್ಲ’ ಎಂಬುದು ಎಲ್ಲರಿಗೂ ಒಂದೇ ತರಹ ಇರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಯಾವ ಜಾಲತಾಣವೂ ತೆರೆಯುತ್ತಿರಲಿಲ್ಲ. ಸರ್ವರಿನ ವಿಳಾಸ ಸಿಗಲಿಲ್ಲ ಎಂದು ಬ್ರೌಸರ್ ಹೇಳುತ್ತಿತ್ತು. ಅದೇ ಹೊತ್ತಿಗೆ ಅತ್ತೆಯ ವಾಟ್ಸ್‌ಆ್ಯಪ್‌ಗೆ ಶುಭೋದಯದ ಹೂವುಗಳು ಸಾಲಾಗಿ ಬಂದು ಬೀಳುತ್ತಿದ್ದವು. ಟಿವಿ ಸತ್ತಿತ್ತು. ಮಗನ ಫೋನಿನಲ್ಲಿ ಎಲ್ಲವೂ ನಡೆಯುತ್ತಿತ್ತು, ಯೂಟ್ಯೂಬ್ ಸಮೇತ. ಚಾಲಿ ಅಡಿಕೆ ನೋಡಲು ಬಂದ ವ್ಯಾಪಾರಿಯ ಕಡೆಯ ಹುಡುಗನಿಗೆ ಪಾಸ್‌ವರ್ಡ್ ಕೊಟ್ಟರೆ ಅವನ ಫೋನು ಐಪಿ ವಿಳಾಸ ಪಡೆಯುತ್ತಿದ್ದೇನೆ ಎನ್ನುತ್ತ ಅಲ್ಲೇ ತಿರುಗುತ್ತಿತ್ತು.

ಜಗಲಿಯ ಪಂಚಾಯಿತಿಯಲ್ಲಿ ಇದಕ್ಕೆ ಒಬ್ಬೊಬ್ಬರದು ಒಂದೊಂದು ತೀರ್ಪು. ಲ್ಯಾಪ್‌ಟಾಪ್ ಹಳತಾಯಿತು ಎಂದು ಮಗ. ಟಿವಿಯ ವೈಫೈ ಹೋಗಿದೆ ಎಂದು ಮಾವ. ವ್ಯಾಪಾರಿಯ ಹುಡುಗನ ಫೋನು ಚೈನಾದ್ದು ಎಂದು ಅತ್ತೆ. ಬೇರೆ ಬೇರೆ ರೋಗ ಎಂದುಕೊಂಡರೆ ಹೀಗೇ ಆಗುತ್ತದೆ. ಎಲ್ಲಕ್ಕೂ ಒಂದೇ ಕಾರಣವಿರಬಹುದೇ ಎಂದು ಕೇಳಿಕೊಂಡರೆ ದಾರಿ ಕಾಣಿಸುತ್ತದೆ.

ಲ್ಯಾಪ್‌ಟಾಪಿನಿಂದ 8.8.8.8 ಎಂಬ ಗೂಗಲ್ ಸರ್ವರಿನ ಅಂಕಿ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ ‘ಇದ್ದೀಯಾ’ ಎಂದು ಕೂಗಿ ನೋಡಿದೆ. ಉತ್ತರ ಟಣ್ ಟಣ್ ಎಂದು ಬಂತು. ಅಂದರೆ ಫೈಬರ್ ಸರಿಯಿದೆ, ಕಂಪನಿಯ ಡಬ್ಬಿ ಸರಿಯಿದೆ, ನಮ್ಮ ರೂಟರ್ ಮಾಹಿತಿಯ ಪೊಟ್ಟಣಗಳನ್ನು ಆಚೀಚೆ ದಾಟಿಸುತ್ತಿದೆ. ಅಂಕಿಗೆ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ. ಜಾಲತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿ ಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆ ನಿಂತಿದೆ ಎಂಬುದು ಇದರಿಂದಲೇ ಗೊತ್ತಾಯಿತು. ಅತ್ತೆಯ ವಾಟ್ಸ್‌ಆ್ಯಪ್ ನಡೆಯುತ್ತಿದ್ದದ್ದು ಅದರ ಸಂಪರ್ಕ ರಾತ್ರಿಯೇ ಕೂಡಿಕೊಂಡಿದ್ದರಿಂದ. ಹೆಸರು ಕೇಳುವ ಅಗತ್ಯ ಅದಕ್ಕೆ ಬಿದ್ದಿರಲಿಲ್ಲ. ಮಗನ ಫೋನಿನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಹಾಕಿತ್ತು. ಆಂಡ್ರಾಯ್ಡ್ 9ರಿಂದ ಈ ಸೌಲಭ್ಯವಿದೆ. ಅದನ್ನು ಹಾಕಿದ ಫೋನು ಮನೆಯ ರೂಟರನ್ನು ಕೇಳದೆ ನೇರವಾಗಿ ಹೊರಗಿನ ಸರ್ವರನ್ನು ಕೇಳುತ್ತದೆ.

ವ್ಯಾಪಾರಿಯ ಹುಡುಗನ ಫೋನು ಉಳಿಯಿತು. ಹೊಸದಾಗಿ ಬಂದ ಸಾಧನಕ್ಕೆ ಮನೆಯೊಳಗಿನ ವಿಳಾಸ ಹಂಚುವುದು ಡಿಎಚ್‌ಸಿಪಿ. ಅದು ಬೇರೆ ಕೆಲಸ, ಡಿಎನ್‌ಎಸ್ ಬೇರೆ ಕೆಲಸ. ಎರಡೂ ಒಂದೇ ಬೆಳಿಗ್ಗೆ ನಿಂತದ್ದು ಯಾಕೆ? ಯಾಕೆಂದರೆ ನಮ್ಮ ರೂಟರಿನಲ್ಲಿ ಎರಡನ್ನೂ ಮಾಡುವವನು ಒಬ್ಬನೇ ಆಳು, ಡಿಎನ್‌ಎಸ್‌ಮಾಸ್ಕ್. ಸೈಮನ್ ಕೆಲ್ಲಿ ಎಂಬುವರು ಬರೆದ ಪುಟ್ಟ ತಂತ್ರಾಂಶ. ಜಗತ್ತಿನ ಲೆಕ್ಕವಿಲ್ಲದಷ್ಟು ಮನೆ ರೂಟರುಗಳ ಒಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ನಮ್ಮ ಮನೆಯ ಹಳೆಯ ಸಾಧನಗಳು ವಿಳಾಸವನ್ನು ಮೊದಲೇ ಪಡೆದುಕೊಂಡಿದ್ದವು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅದರ ಅವಧಿ ಸಾಮಾನ್ಯವಾಗಿ 12 ಗಂಟೆ. ಹಾಗಾಗಿ ಬೆಳಿಗ್ಗೆ ಅವುಗಳಿಗೆ ಆ ಪೆಟ್ಟು ತಾಗಿರಲಿಲ್ಲ. ಸಂಜೆಯ ತನಕ ಬಿಟ್ಟಿದ್ದರೆ ಅತ್ತೆಯ ಹೂವುಗಳೂ ನಿಲ್ಲುತ್ತಿದ್ದವು.

ಇನ್ನೊಂದು ಪುರಾವೆ ಬೇಕೆನಿಸಿ ಲ್ಯಾಪ್‌ಟಾಪಿನ ಲಿನಕ್ಸಿನಲ್ಲಿ ಡಿಗ್ ಎಂಬ ಕಮಾಂಡ್ ಕೊಟ್ಟು ರೂಟರಿಗೇ ನೇರವಾಗಿ ಒಂದು ಹೆಸರು ಕೇಳಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಥಟ್ಟನೆ ಉತ್ತರ ಬಂತು. ಈ ಉತ್ತರವನ್ನು ನಾನು ಮೊದಲೆಲ್ಲ ಓದಿ ಮುಂದೆ ಹೋಗುತ್ತಿದ್ದೆ. ಅದರಲ್ಲಿ ಎಷ್ಟು ವಿಷಯ ಅಡಗಿದೆ ಎಂದು ಈಗ ತಿಳಿಯಿತು. ಡಿಎನ್‌ಎಸ್‌ಮಾಸ್ಕ್ ಬದುಕಿದ್ದು ಹೊರಗಿನ ಸರ್ವರ್ ಉತ್ತರಿಸದೆ ಇದ್ದರೆ, ಕಾದು ಕಾದು ಕೊನೆಗೆ ‘ಟೈಮ್ಡ್ ಔಟ್’ ಬರುತ್ತದೆ. ಥಟ್ಟನೆ ನಿರಾಕರಣೆ ಬಂದರೆ, ಯಂತ್ರ ಎಚ್ಚರವಿದೆ ಆದರೆ ಡಿಎನ್‌ಎಸ್ ಪ್ರಶ್ನೆಗಳಿಗೆಂದು ಇರುವ ಬಾಗಿಲಾದ 53ನೇ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲ ಎಂದು ಅರ್ಥ. ಆಳು ನಿಧಾನಿಯಾಗಿರಲಿಲ್ಲ, ಸತ್ತೇ ಹೋಗಿದ್ದ.

ಸತ್ತದ್ದು ಹೇಗೆ ಎಂದು ನೋಡಲು ಲ್ಯಾಪ್‌ಟಾಪಿನಿಂದಲೇ ಎಸ್‌ಎಸ್‌ಎಚ್ ಎಂಬ ದಾರಿಯಲ್ಲಿ ರೂಟರಿನೊಳಗೆ ಹೋಗಿ ‘ಲಾಗ್‌ರೀಡ್’ ಎಂದು ಕೊಟ್ಟು ಅದು ಬರೆದಿಟ್ಟ ದಿನಚರಿಯನ್ನು, ಅಂದರೆ ಲಾಗನ್ನು, ಓದಬೇಕು. ಅಷ್ಟರಲ್ಲಿ ನಡುಮನೆಯಿಂದ ‘ಬಂತು ಬಂತು’ ಎಂಬ ಕೂಗು. ಮಾವ ಇಪ್ಪತ್ತು ಎಣಿಸಿ ಆಗಿತ್ತು! ಲಾಗ್ ತೆರೆದರೆ ಹೊಸ ಜನ್ಮದ ಸಾಲುಗಳು ಮಾತ್ರ, ಅದರಲ್ಲೂ ಮೊದಲ ಕೆಲವಕ್ಕೆ ಹಳೆಯ ತಾರೀಖು. ಈ ರೂಟರಿನೊಳಗೆ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ನೆಟ್ ಬಂದು ಸಮಯ ಕೇಳಿಕೊಳ್ಳುವವರೆಗೆ ಅದು ಹಿಂದಿನ ಯಾವುದೋ ದಿನದಲ್ಲೇ ಇರುತ್ತದೆ. ಅಂದು ಕೆಂಪು ಪೆನ್ನಿನಲ್ಲಿ ಒಂದು ಚೀಟಿ ಬರೆದು ರೂಟರಿಗೆ ಅಂಟಿಸಿದೆ: ‘ನೆಟ್ ಹೋದರೆ ಮುಟ್ಟಬೇಡಿ. ನನ್ನನ್ನು ಕರೆಯಿರಿ.’ ಮಾವನಿಗೆ ಸ್ವಲ್ಪ ಬೇಸರವಾಯಿತು. ಬೆಳಿಗ್ಗೆ ಅಡಿಕೆ ಧಾರಣೆ ನೋಡದೆ ಅವರಿಗೆ ಕಾಫಿ ರುಚಿಸುವುದಿಲ್ಲ. ನನ್ನ ಫೋನಿನ ಮೊಬೈಲ್ ಡೇಟಾದಲ್ಲಿ ರಾಶಿ, ಚಾಲಿ, ಬೆಟ್ಟೆ ಎಲ್ಲವನ್ನೂ ತೋರಿಸುತ್ತೇನೆ ಎಂದು ಒಪ್ಪಿಸಿದೆ.

ಲಾಗ್‌ಗೆ ರ್ಯಾಮ್‌ನಲ್ಲಿ ಕೊಟ್ಟಿರುವ ಜಾಗ ಬಹಳ ಚಿಕ್ಕದು. ತುಂಬಿದರೆ ಹಳೆಯ ಸಾಲುಗಳ ಮೇಲೆ ಹೊಸವು ಬಂದು ಕೂರುತ್ತವೆ. ವೈಫೈಗೆ ಯಾರು ಬಂದರು, ಯಾರು ಹೋದರು ಎಂಬ ಚಿಲ್ಲರೆ ಸುದ್ದಿಗಳೇ ಅದನ್ನು ತುಂಬಿಬಿಡುತ್ತವೆ. ಹಾಗಾಗಿ ರೂಟರಿನ ಯುಎಸ್‌ಬಿ ಕಿಂಡಿಗೆ ಒಂದು ಪೆನ್‌ಡ್ರೈವ್ ಸಿಕ್ಕಿಸಿ, ಲಾಗನ್ನು ಅದರೊಳಗಿನ ಫೈಲಿಗೂ ಬರೆಯುವಂತೆ ಮಾಡಿದೆ. ಮನೆಯಲ್ಲಿ ಸದಾ ಓಡುವ ಬೇರೆ ಕಂಪ್ಯೂಟರ್ ಇದ್ದವರು ಯುಡಿಪಿ 514ನೇ ಪೋರ್ಟಿನ ಮೂಲಕ ಅಲ್ಲಿಗೇ ಕಳಿಸಬಹುದು. ಅದು ಇನ್ನೂ ಒಳ್ಳೆಯದು.

ಮುಂದಿನ ಸಲ ನೆಟ್ ನಿಂತಾಗ ಎಲ್ಲರೂ ಕೈಕಟ್ಟಿ ನಿಂತಿದ್ದರು. ನಾನು ಕಾಫಿ ಲೋಟ ಹಿಡಿದುಕೊಂಡು ಲಾಗ್ ತೆರೆದೆ.

ಇಂಥ ಸೇವೆಯೊಂದು ಸಾಯುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ, ಮೂರೂ ಲಾಗ್‌ನಲ್ಲಿ ಬೇರೆ ಬೇರೆ ಗುರುತು ಬಿಡುತ್ತವೆ. ಸಂರಚನೆಯ ಫೈಲಿನಲ್ಲಿ ತಪ್ಪಿದ್ದರೆ ಡಿಎನ್‌ಎಸ್‌ಮಾಸ್ಕ್ ಇಂಥ ಫೈಲಿನ ಇಂಥ ಸಾಲಿನಲ್ಲಿ ‘ಬ್ಯಾಡ್ ಆಪ್ಶನ್’ ಎಂದು ಬರೆದು ತಾನೇ ಹೊರಟುಹೋಗುತ್ತದೆ. ಅದು ಎಲ್ಲಕ್ಕಿಂತ ಸುಲಭದ ಸಾವು. ತಂತ್ರಾಂಶದೊಳಗೇ ದೋಷವಿದ್ದು ತನ್ನದಲ್ಲದ ಮೆಮೊರಿಗೆ ಕೈಹಾಕಿದರೆ 11ನೇ ಸಿಗ್ನಲ್, ಅಂದರೆ ಸೆಗ್‌ಫಾಲ್ಟ್. ನನಗೆ ಹೆದರಿಕೆ ಇದ್ದದ್ದು ಇದರದು. 2017ರಲ್ಲಿ ಗೂಗಲ್‌ನ ಭದ್ರತಾ ತಂಡ ಡಿಎನ್‌ಎಸ್‌ಮಾಸ್ಕ್‌ನಲ್ಲಿ ಏಳು ದೋಷಗಳನ್ನು ಹೊರಹಾಕಿತ್ತು. 2021ರಲ್ಲಿ ಡಿಎನ್‌ಎಸ್‌ಪೂಕ್ ಎಂಬ ಹೆಸರಿನಲ್ಲಿ ಇನ್ನೂ ಏಳು ಬಂದವು, 2.83ನೇ ಆವೃತ್ತಿಯಲ್ಲಿ ಸರಿಹೋದವು. ಹೊರಗಿನವರು ಕಳಿಸಿದ ಪೊಟ್ಟಣವೊಂದು ರೂಟರಿನ ಸೇವೆಯನ್ನು ಬೀಳಿಸುತ್ತಿದ್ದರೆ ಅದು ನೆಟ್ ಹೋಗುವುದಕ್ಕಿಂತ ದೊಡ್ಡ ಚಿಂತೆ. ನಮ್ಮಲ್ಲಿದ್ದ ಆವೃತ್ತಿ ಅದಕ್ಕಿಂತ ಹೊಸದು, ಲಾಗ್‌ನಲ್ಲಿ ಸೆಗ್‌ಫಾಲ್ಟ್ ಎಂಬ ಮಾತೂ ಇರಲಿಲ್ಲ.

ಇದ್ದದ್ದು ಮೂರನೆಯದು. ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’ ಎಂದು ಲಿನಕ್ಸಿನ ತಿರುಳಾದ ಕರ್ನಲ್ ಬರೆದು, ಮುಂದೆ ಡಿಎನ್‌ಎಸ್‌ಮಾಸ್ಕ್‌ನ ಹೆಸರು ಹಾಕಿತ್ತು. ರ್ಯಾಮ್ ಪೂರ್ತಿ ಮುಗಿದಾಗ ಇಡೀ ಯಂತ್ರ ಸಾಯುವ ಬದಲು ಒಬ್ಬನನ್ನು ಬಲಿ ಕೊಡುವುದು ಲಿನಕ್ಸಿನ ಪದ್ಧತಿ; ಹಾಗೆ ಕೊಲ್ಲುವ ಭಾಗಕ್ಕೆ ಓಓಎಂ ಕಿಲ್ಲರ್ ಎಂದು ಹೆಸರು. ಹೆಚ್ಚು ಮೆಮೊರಿ ಹಿಡಿದುಕೊಂಡವನು ಮೊದಲು. ಐದು ಸೆಕೆಂಡಿನ ನಂತರ ಅದೇ ಸಾಲು. ಮತ್ತೆ ಅದೇ ಸಾಲು. ಹೀಗೆ ಉದ್ದಕ್ಕೆ ಹೋಗಿ ಕೊನೆಗೆ ಪ್ರೊಕ್‌ಡಿಯ ಹೇಳಿಕೆ: ‘ಕ್ರ್ಯಾಶ್ ಲೂಪ್, 6 ಕ್ರ್ಯಾಶಸ್.’ ಆ ಸಾಲಿನಲ್ಲಿ ‘ಈಸ್’ ಎಂದಿರಬೇಕಾದಲ್ಲಿ ಒಂದು ಅಕ್ಷರ ಬಿಟ್ಟುಹೋಗಿ ಬರೀ ‘ಎಸ್’ ಉಳಿದಿದೆ. ನಮ್ಮ ಕಡೆ ಆಮಂತ್ರಣ ಪತ್ರಿಕೆಯಲ್ಲಿ ಇಂಥದ್ದಾದರೆ ಮದುವೆ ಮುಗಿದ ಮೇಲೂ ಮಾತಾಡುತ್ತಾರೆ.

ಪ್ರೊಕ್‌ಡಿ ಎಂದರೆ ಓಪನ್‌ಡಬ್ಲ್ಯುಆರ್‌ಟಿಯ ಮೇಸ್ತ್ರಿ. ಯಾವ ಸೇವೆ ಸತ್ತರೂ ಐದು ಸೆಕೆಂಡ್ ಕಾದು ಮತ್ತೆ ಎಬ್ಬಿಸುತ್ತದೆ. ಆದರೆ ಎಬ್ಬಿಸಿದ ಸೇವೆ 3600 ಸೆಕೆಂಡ್, ಅಂದರೆ ಒಂದು ಗಂಟೆಯೂ ಬದುಕದೆ ಸತ್ತರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಐದು ಸಲ ಎಬ್ಬಿಸಿದ ಮೇಲೂ ಸತ್ತರೆ ಕೈಬಿಡುತ್ತದೆ. ಅಲ್ಲಿಂದ ಮುಂದೆ ಯಾರಾದರೂ ಕೈಯಿಂದ ಎಬ್ಬಿಸಬೇಕು. ರೂಟರ್ ಪೂರ್ತಿ ಆರೋಗ್ಯವಾಗಿ ಕಂಡರೂ ಹೆಸರು ಮಾತ್ರ ಸಿಗದ ಆ ವಿಚಿತ್ರ ಸ್ಥಿತಿಗೆ ಇದೇ ಕಾರಣ. ಡಿಎನ್‌ಎಸ್‌ಮಾಸ್ಕ್ ಸತ್ತದ್ದರಿಂದ ಸ್ವಲ್ಪ ಮೆಮೊರಿ ಬಿಡುವಾಗಿತ್ತು, ಆ ಬಿಡುವಿನಲ್ಲಿ ಉಳಿದವರೆಲ್ಲ ಸುಖವಾಗಿದ್ದರು.

ಮೈದುನನಿಗೆ ಫೋನ್ ಮಾಡಿ ಸಾಲುಗಳನ್ನು ಓದಿದೆ.

“ಅತ್ತಿಗೆ, ಮೊದಲ ಸಾಲಿನ ಆರಂಭದಲ್ಲಿ ಯಾರ ಹೆಸರಿದೆ?”

“ಹೋಸ್ಟ್‌ಎಪಿಡಿ ಎಂದಿದೆ. ಅದು ಓಓಎಂ ಕಿಲ್ಲರನ್ನು ಕರೆಯಿತು ಎಂದು.”

“ಅದು ವೈಫೈ ನೋಡಿಕೊಳ್ಳುವುದು. ಹಾಗಾದರೆ ವೈಫೈ ಡ್ರೈವರಿನಲ್ಲಿ ಮೆಮೊರಿ ಸೋರಿಕೆ ಇರಬೇಕು. ಹೊಸ ಆವೃತ್ತಿ ಹಾಕಿಬಿಡೋಣ.”

ನನಗೆ ಸರಿ ಕಾಣಲಿಲ್ಲ. ಆ ಸಾಲಿನ ಆರಂಭದಲ್ಲಿ ಇರುವುದು ಮೆಮೊರಿ ಕೇಳಿ ಸಿಗದೆ ಹೋದವನ ಹೆಸರು. ಅವನು ಮೆಮೊರಿಯ ಒಂದು ಚೂರು ಕೇಳಿರಬಹುದು, ಅವನ ಪಾಳಿ ಬಂದಾಗ ಉಗ್ರಾಣ ಖಾಲಿ ಇತ್ತು, ಅಷ್ಟೆ. ಖಾಲಿ ಮಾಡಿದವನು ಅವನೇ ಆಗಬೇಕಿಲ್ಲ. ಬಲಿಯಾದವನೂ ಆಗಬೇಕಿಲ್ಲ. “ಮಾರಾಯ, ಕೇಳಿದವನನ್ನೂ ಸತ್ತವನನ್ನೂ ಬಿಡು, ಒಟ್ಟು ರ್ಯಾಮ್ ಎಲ್ಲಿ ಹೋಗಿದೆ ನೋಡೋಣ” ಎಂದೆ.

‘ಫ್ರೀ’ ಎಂದು ಕೊಟ್ಟರೆ ಮೆಮೊರಿಯ ಜಮಾ ಖರ್ಚು ಬರುತ್ತದೆ. ನಮ್ಮ ರೂಟರಿನ 128 ಎಂಬಿಯಲ್ಲಿ ಕರ್ನಲ್ ತನ್ನ ಪಾಲು ತೆಗೆದುಕೊಂಡು ಉಳಿದದ್ದು ಸುಮಾರು 121. ‘ಯೂಸ್ಡ್’ ಎಂಬ ಕಲಮು ಅಂಥ ದೊಡ್ಡದಾಗಿರಲಿಲ್ಲ. ಕಣ್ಣಿಗೆ ಹೊಡೆದದ್ದು ‘ಶೇರ್ಡ್’ ಎಂಬ ಕಲಮು: 54 ಎಂಬಿ. ಸಾಮಾನ್ಯವಾಗಿ ಯಾರೂ ನೋಡದ ಕಲಮು ಅದು. ಟಿಎಂಪಿಎಫ್‌ಎಸ್ ಎಂಬ, ಡಿಸ್ಕಿನ ವೇಷ ಹಾಕಿದ ರ್ಯಾಮ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಟಿಎಂಪಿ ಎಂಬ ಫೋಲ್ಡರಿಗೆ ಏನು ಬರೆದರೂ ಅದು ರ್ಯಾಮ್‌ನಲ್ಲೇ ಕೂರುವುದು. ಅದಕ್ಕೆ ಮಿತಿ ಒಟ್ಟು ರ್ಯಾಮ್‌ನ ಅರ್ಧ. ‘ಡಿಎಫ್’ ಕೊಟ್ಟು ನೋಡಿದರೆ ಆ ಅರ್ಧವೂ ತೊಂಬತ್ತು ಶೇಕಡಾ ತುಂಬಿತ್ತು.

ಆ ಫೋಲ್ಡರಿನ ಒಳಗೆ ಹೋದೆ. ಒಂದರ ಕೆಳಗೊಂದು ಫೈಲುಗಳು, ಒಂದೇ ಹೆಸರು, ಹಿಂದೆ ಮಾತ್ರ ತಾರೀಖು ಬೇರೆ, ಪ್ರತಿಯೊಂದೂ ಆರು ಎಂಬಿ.

ಅವು ಏನೆಂದು ಹೇಳಲು ಮೈದುನನ ಇನ್ನೊಂದು ಉಪಕಾರವನ್ನು ಹೇಳಬೇಕು. ಜಾಹೀರಾತಿನ ಜಾಲತಾಣಗಳ ಹೆಸರಿನ ಉದ್ದ ಪಟ್ಟಿಯೊಂದನ್ನು ಡಿಎನ್‌ಎಸ್‌ಮಾಸ್ಕ್‌ಗೆ ಕೊಟ್ಟರೆ, ಆ ಹೆಸರು ಕೇಳಿದವರಿಗೆಲ್ಲ ಅದು ಹಾಗೊಂದು ವಿಳಾಸವೇ ಇಲ್ಲ ಎನ್ನುತ್ತದೆ. ಮಾವನ ಫೋನಿನಲ್ಲಿ ಪತ್ರಿಕೆ ಓದುವಾಗ ಹಾರಿ ಬರುವ ಕೂದಲ ಎಣ್ಣೆ, ಮಂಡಿನೋವಿನ ಮುಲಾಮುಗಳೆಲ್ಲ ಹೀಗೆ ಮಾಯವಾಗಿದ್ದವು. ಪಟ್ಟಿಯಲ್ಲಿ ಎರಡು ಲಕ್ಷದಷ್ಟು ಹೆಸರುಗಳು. ದಿನಾ ನಸುಕಿನಲ್ಲಿ ಒಂದು ಸ್ಕ್ರಿಪ್ಟ್ ಹೊಸ ಪಟ್ಟಿಯನ್ನು ಇಳಿಸಿ, ಡಿಎನ್‌ಎಸ್‌ಮಾಸ್ಕನ್ನು ಮರುಚಾಲನೆ ಮಾಡುತ್ತದೆ. ಹೊಸ ಪಟ್ಟಿ ಕೆಟ್ಟಿದ್ದರೆ ಹಿಂದಕ್ಕೆ ಹೋಗಲು ಇರಲಿ ಎಂದು ಹಳೆಯದರ ಒಂದು ನಕಲನ್ನು ತಾರೀಖು ಸಮೇತ ಇಡುತ್ತದೆ. ದಿನಾ ಬರೆದು ರೂಟರಿನ ಫ್ಲ್ಯಾಶ್ ಎಂಬ ಶಾಶ್ವತ ಸಂಗ್ರಹ ಸವೆಯಬಾರದು ಎಂದು ಆ ನಕಲುಗಳನ್ನು ಟಿಎಂಪಿಯಲ್ಲಿ ಇಡುತ್ತದೆ. ಬಿಡಿಸಿ ನೋಡಿದರೆ ಒಂದೊಂದು ನಿರ್ಧಾರವೂ ಬುದ್ಧಿವಂತಿಕೆಯದೇ. ಹಳೆಯ ನಕಲನ್ನು ಅಳಿಸುವ ಸಾಲು ಮಾತ್ರ ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಆರು ಆರು ಎಂಬಿಯಂತೆ ಫೈಲುಗಳು ಬೆಳೆದವು. ಉಳಿದ ರ್ಯಾಮ್ ಎರಡು ಲಕ್ಷ ಹೆಸರುಗಳನ್ನು ತಲೆಯಲ್ಲಿ ಹೊರಬೇಕಾದ ಡಿಎನ್‌ಎಸ್‌ಮಾಸ್ಕ್‌ಗೆ ಸಾಲದೆ ಹೋದ ನಸುಕಿನಲ್ಲಿ, ಮರುಚಾಲನೆಯ ಹೊತ್ತಿಗೆ ಅದು ಬಲಿಯಾಯಿತು. ಇಲ್ಲಿ ಕರ್ನಲ್‌ನ ಕಷ್ಟವನ್ನೂ ನೋಡಬೇಕು. ಟಿಎಂಪಿಎಫ್‌ಎಸ್‌ನ ಫೈಲುಗಳು ಯಾವ ಪ್ರಕ್ರಿಯೆಯ ಹೆಸರಿನಲ್ಲೂ ಇಲ್ಲ. ಸ್ವಾಪ್, ಅಂದರೆ ರ್ಯಾಮ್‌ನ ಹೊರೆಯನ್ನು ಇಳಿಸಿಡುವ ಜಾಗ, ಇಲ್ಲದ ಯಂತ್ರದಲ್ಲಿ ಅವನ್ನು ಬೇರೆಡೆಗೆ ಸರಿಸುವಂತೆಯೂ ಇಲ್ಲ. ಯಾರನ್ನು ಕೊಂದರೂ ಆ 54 ಎಂಬಿಯಲ್ಲಿ ಒಂದು ಬೈಟ್ ಕೂಡ ಬಿಡುಗಡೆಯಾಗದು. ಮೇಸ್ತ್ರಿ ಎಬ್ಬಿಸುತ್ತಾನೆ, ಕರ್ನಲ್ ಕೊಲ್ಲುತ್ತದೆ, ಮೇಸ್ತ್ರಿ ಎಬ್ಬಿಸುತ್ತಾನೆ. ಆರನೆಯ ಸಾವಿಗೆ ಆಟ ಮುಗಿಯಿತು.

ಸ್ವಿಚ್ ಆರಿಸಿ ಹಾಕಿದರೆ ಸರಿಹೋಗುತ್ತಿದ್ದದ್ದೂ ಈಗ ಅರ್ಥವಾಯಿತು: ರ್ಯಾಮ್ ಅಳಿಸಿದೊಡನೆ ನಕಲುಗಳೆಲ್ಲ ಹೋದವು, ಹೊಸ ಲೆಕ್ಕ ಸೊನ್ನೆಯಿಂದ ಶುರು. ಒಂದು ಪ್ರಶ್ನೆ ಮಾತ್ರ ಉಳಿಯಿತು. ಸ್ಕ್ರಿಪ್ಟ್ ಹಾಕಿದ್ದು ಬೇಸಿಗೆಯಲ್ಲಿ. ಜೂನ್‌ನಿಂದ ಅಕ್ಟೋಬರ್ ತನಕ ಇದು ಯಾಕೆ ಕಾಣಿಸಲಿಲ್ಲ?

ಮಲೆನಾಡಿನವರಿಗೆ ಉತ್ತರ ಆಗಲೇ ಹೊಳೆದಿರಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಇರುವುದು ಸುದ್ದಿ, ಹೋಗುವುದಲ್ಲ. ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಇಲ್ಲ. ಬೀಳದಿದ್ದರೂ ದಿನಕ್ಕೆ ನಾಲ್ಕಾರು ಸಲ ಹೋಗಿ ಬರುತ್ತದೆ. ಮನೆಯ ಇನ್ವರ್ಟರ್ ದೀಪಕ್ಕೆ, ಫ್ಯಾನಿಗೆ ಮಾತ್ರ. ನಡುಮನೆಯ ಆ ಪ್ಲಗ್ ಅದರ ಲೈನಿನಲ್ಲಿಲ್ಲ. ಕರೆಂಟು ಹೋದಾಗಲೆಲ್ಲ ರೂಟರ್ ಸಾಯುತ್ತಿತ್ತು, ಬಂದಾಗ ಖಾಲಿ ರ್ಯಾಮ್‌ನೊಂದಿಗೆ ಏಳುತ್ತಿತ್ತು. ಎರಡು ನಕಲು ಕೂಡಿಕೊಳ್ಳುವಷ್ಟು ಕೂಡ ಅದು ಸತತವಾಗಿ ಬದುಕಿರಲಿಲ್ಲ. ಮಳೆ ನಿಂತಿತು, ಕರೆಂಟು ಸ್ಥಿರವಾಯಿತು. ಸಾಲದ್ದಕ್ಕೆ ದಸರೆಯ ಮಾರಾಟದಲ್ಲಿ ರೂಟರಿಗೆಂದೇ ಬರುವ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ತರಿಸಿ ನಾವು ಅದಕ್ಕೆ ದೀರ್ಘಾಯುಷ್ಯ ಕರುಣಿಸಿದೆವು. ದೀರ್ಘಾಯುಷ್ಯದಿಂದಲೇ ರೋಗ ಹೊರಬಿತ್ತು. ‘ಅಪ್‌ಟೈಮ್’ ಎಂಬ ಕಮಾಂಡ್ ರೂಟರ್ ಎದ್ದು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಸೇವೆ ಬಿದ್ದಾಗಲೆಲ್ಲ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೆಡುವುದು ಕ್ಯಾಲೆಂಡರಿನ ಪ್ರಕಾರವೋ ವಯಸ್ಸಿನ ಪ್ರಕಾರವೋ ಎಂಬುದು ತಿಳಿದರೆ ಅರ್ಧ ಹುಡುಕಾಟ ಮುಗಿದಂತೆ. ವಯಸ್ಸಿನ ಪ್ರಕಾರ ಎಂದಾದರೆ ಎಲ್ಲೋ ಏನೋ ಕೂಡಿಕೊಳ್ಳುತ್ತಿದೆ ಎಂದು ಹಿಡಿಯಬಹುದು.

ಇದನ್ನೆಲ್ಲ ಹೇಳಿದಾಗ ಮೈದುನ ನಕ್ಕ. ಕೂಡಲೇ ಪರಿಹಾರವೊಂದನ್ನೂ ಮುಂದಿಟ್ಟ: ವಾರಕ್ಕೊಮ್ಮೆ ನಡುರಾತ್ರಿ ರೂಟರ್ ತಾನಾಗಿ ರೀಬೂಟ್ ಆಗುವಂತೆ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಹಾಕಿದರಾಯಿತು. ಕೆಲಸವೇನೋ ನಡೆಯುತ್ತದೆ, ಮಳೆಗಾಲವಿಡೀ ನಡೆದದ್ದೂ ಅದೇ. ಆದರೆ ಅದರಲ್ಲಿ ಪಟ್ಟಿ ಸ್ವಲ್ಪ ದೊಡ್ಡದಾದರೆ ವಾರ ಸಾಲದು, ನಾಲ್ಕು ದಿನಕ್ಕೊಮ್ಮೆ ಮಾಡಬೇಕು, ಆಮೇಲೆ ಎರಡು ದಿನಕ್ಕೊಮ್ಮೆ. ಝಡ್‌ರ್ಯಾಮ್ ಸ್ವಾಪ್ ಹಾಕೋಣ, ರ್ಯಾಮ್‌ನೊಳಗಿನದನ್ನೇ ಒತ್ತಿ ಚಿಕ್ಕದು ಮಾಡಿ ಇಡುತ್ತದೆ ಎಂದ. ಬೇಡದ ಫೈಲನ್ನು ಒತ್ತಿಡುವುದು ಯಾಕೆ, ಅಳಿಸಿದರಾಯಿತಲ್ಲ! ದೊಡ್ಡ ಕಂಪನಿಗಳಲ್ಲಿ ಸರ್ವರುಗಳನ್ನು ಹೀಗೆ ಆಗಾಗ ರೀಬೂಟ್ ಮಾಡಿ ಕಾಲ ತಳ್ಳುತ್ತಾರಂತೆ. ಅದನ್ನು ಅವನೇ ಹೇಳಿದ, ನಾನು ನಂಬಿದೆ.

ಕೊನೆಗೆ ಮಾಡಿದ್ದು ಇಷ್ಟು. ಸ್ಕ್ರಿಪ್ಟಿನಲ್ಲಿ ನಕಲಿಗೆ ಈಗ ತಾರೀಖಿಲ್ಲ, ಒಂದೇ ಹೆಸರು. ಹೊಸದು ಬಂದರೆ ಹಳೆಯದರ ಮೇಲೆಯೇ ಕೂರುತ್ತದೆ. ಅದನ್ನೂ ಕುಗ್ಗಿಸಿ ಪೆನ್‌ಡ್ರೈವಿನಲ್ಲಿ ಇಡುತ್ತೇವೆ, ಟಿಎಂಪಿಯಲ್ಲಲ್ಲ. ಮರುಚಾಲನೆಗೆ ಮುಂಚೆ ಡಿಎನ್‌ಎಸ್‌ಮಾಸ್ಕ್‌ಗೆ ‘ಟೆಸ್ಟ್’ ಎಂಬ ಸೂಚನೆ ಕೊಟ್ಟು ಫೈಲುಗಳ ವ್ಯಾಕರಣ ಸರಿಯಿದೆಯೇ ಎಂದು ನೋಡುವ ಒಂದು ಸಾಲು ಸೇರಿಸಿದೆವು. ಸರಿಯಿಲ್ಲದಿದ್ದರೆ ಹಳೆಯ ಪಟ್ಟಿಯೇ ಮುಂದುವರಿಯುತ್ತದೆ. ಎರಡು ಲಕ್ಷದ ಪಟ್ಟಿಯ ಬದಲು ಅದರ ಕಾಲು ಭಾಗದಷ್ಟಿರುವ ಇನ್ನೊಂದನ್ನು ಆರಿಸಿದೆವು. ಮಂಡಿನೋವಿನ ಮುಲಾಮು ಒಮ್ಮೊಮ್ಮೆ ಮತ್ತೆ ಕಾಣಿಸುತ್ತಿದೆ ಎಂದು ಮಾವ ದೂರಿದ್ದಾರೆ. ಅದರಲ್ಲಿ ಒಂದನ್ನು ತರಿಸಿಯೂ ಇದ್ದಾರೆ.

ನಿಮ್ಮ ಮನೆಯಲ್ಲಿ ಇರುವುದು ಕಂಪನಿ ಕೊಟ್ಟ ಡಬ್ಬಿ ಮಾತ್ರವಾದರೆ ಇಷ್ಟು ಒಳಗೆ ಹೋಗಲು ಆಗಲಿಕ್ಕಿಲ್ಲ. ಆದರೂ ಸ್ವಿಚ್ಚಿಗೆ ಕೈಹಾಕುವ ಮುಂಚೆ ಐದು ನಿಮಿಷ ಕೊಡಿ. ಫೋನಿನ ವೈಫೈ ಸೆಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಅಥವಾ 8.8.8.8 ಎಂದು ಕೈಯಾರೆ ತುಂಬಿ ನೋಡಿ. ಜಾಲತಾಣ ತೆರೆದರೆ ಲೈನು ಸರಿಯಿದೆ, ಡಬ್ಬಿಯ ಡಿಎನ್‌ಎಸ್ ಬಿದ್ದಿದೆ. ಹಳೆಯ ಫೋನುಗಳಲ್ಲಿ ನಡೆದು ಹೊಸ ಫೋನಿಗೆ ಮಾತ್ರ ಐಪಿ ಸಿಗದಿದ್ದರೆ ಡಿಎಚ್‌ಸಿಪಿಯೂ ಬಿದ್ದಿದೆ. ಬ್ರೌಸರಿನಲ್ಲಿ 192.168.1.1 ಅಥವಾ ಡಬ್ಬಿಯ ತಳದ ಚೀಟಿಯಲ್ಲಿರುವ ವಿಳಾಸ ಹಾಕಿ ಒಳಗೆ ಹೋದರೆ ಹೆಚ್ಚಿನವುಗಳಲ್ಲಿ ‘ಸಿಸ್ಟಮ್ ಲಾಗ್’ ಎಂಬ ಪುಟವಿರುತ್ತದೆ. ಅರ್ಥವಾಗದಿದ್ದರೂ ಪರವಾಗಿಲ್ಲ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಬೇಕಾದರೆ ಸ್ವಿಚ್ ಆರಿಸಿ, ಹತ್ತೋ ಇಪ್ಪತ್ತೋ ಎಣಿಸಿ.

ಇನ್ನು ಮುಂದೆ ಕೊಳ್ಳುವಾಗ 256 ಎಂಬಿ ರ್ಯಾಮ್‌ಗಿಂತ ಕಡಿಮೆ ಇರುವ ರೂಟರನ್ನು ನೋಡಲೂಬಾರದು ಎಂಬುದು ಮೈದುನನ ಅಭಿಪ್ರಾಯ. ಇಂದು ಬೆಳಿಗ್ಗೆ ನಮ್ಮದರ ‘ಶೇರ್ಡ್’ ಕಲಮಿನಲ್ಲಿ ಎರಡು ಎಂಬಿ ಚಿಲ್ಲರೆ ಇತ್ತು. 128 ಧಾರಾಳವಾಗಿ ಸಾಕು ಎಂದು ಅವನಿಗೆ ಫೋಟೋ ಕಳಿಸಿದ್ದೇನೆ.